ಗೋಕುಲ ರೋಡ್ ಚಾಚಾನ ಅಂಗಡಿ: ಹಳೆ ಜೀಪಿನ ಜಾಯಿಂಟ್ ಶಾಫ್ಟೂ ಕ್ರೌನ್ ಪಿನಿಯನ್ನೂ ಕೂಡೇ ಮಾಡಿಸಿದ್ದು

ಹುಬ್ಬಳ್ಳಿ-ಧಾರವಾಡದಾಗ ಹಳೆ ಜೀಪಿಗೆ ಬ್ಯಾರೆ ಎಂಜಿನ್ ಕೂಡಸೋರು, ಪೇಂಟ್ ಹೊಡಿಯೋರು, ಅಗಲ ಟೈರ್ ಹಾಕೋರು ಬೇಕಾದಷ್ಟ ಮಂದಿ ಅದಾರ. ಗೇರ್‌ಬಾಕ್ಸಿನ ಹಿಂದಿನ ಕೆಲಸ, ಅಂದ್ರ ಗೇರ್‌ಬಾಕ್ಸಿನ ತಿರುಗು ಹಿಂದಕ್ಕ ಒಯ್ಯೋ ಜಾಯಿಂಟ್ ಶಾಫ್ಟು, ಮತ್ತ ಹಿಂದಿನ ಗಾಲಿಗಳ ನಡುವಿನ ಹೌಸಿಂಗ್ ಒಳಗ ಆ ತಿರುಗು ಗಾಲಿಗೆ ಕೊಡೋ ಹಲ್ಲಿನ ಜೋಡಿ ಚಕ್ರ (ಸಣ್ಣದು ಪಿನಿಯನ್ನು, ದೊಡ್ಡದು ಕ್ರೌನು), ಅದನ್ನ ಅಳತಿ ಹಿಡದು ಮಾಡೋರು ಮಾತ್ರ ಭಾಳ ಕಡಿಮಿ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗ ಒಂದ ಸಣ್ಣ ಅಂಗಡಿ ಐತಿ, ಬೋರ್ಡ್ ಗೀರ್ಡ್ ಏನೂ ಇಲ್ಲ, ಬಾಗಲದ ಮುಂದ ಲಾರಿ ಶಾಫ್ಟ್‌ಗಳನ್ನ ಸಾಲಾಗಿ ಗ್ವಾಡಿಗೆ ಆನಿಸಿ ನಿಂದ್ರಸಿರ್ತಾರ, ಅದ ಗುರುತು. ಎಲ್ಲಾರೂ ಚಾಚಾನ ಅಂಗಡಿ ಅಂತಾರ. ನನ್ನ ಜೀಪಿನ ಎರಡೂ ಕೆಲಸ ಅಲ್ಲೇ ಆಗ್ಯಾವು, ಕೆಲಸ ನೋಡಿ ಭಾಳ ಖುಷಿ ಆಗೇತಿ, ಅದಕ್ಕ ಇಷ್ಟುದ್ದ ಬರೀಲಿಕ್ಕತ್ತೀನಿ.

ಮೊದಲ ಗಾಡಿ ಬಗ್ಗೆ ಹೇಳತೀನಿ. ಹಳೆ ಮಹೀಂದ್ರಾ ಜೀಪ, ಟೂ ವೀಲ್ ಡ್ರೈವ್, ಹುಟ್ಟಿದಾಗ ಪೆಟ್ರೋಲ್ ಇತ್ತು, ಆಮ್ಯಾಲೆ ಡಿಐ ಡೀಸಲ್ ಎಂಜಿನ್ನು, ನಾಲ್ಕು ಗೇರಿನ ಬಾಕ್ಸು ಬಂತು. ಎಂಜಿನ್ ಬದಲಿ ಆಗಿದ್ದು ಆರ್‌ಸಿ ಒಳಗ ಎಂಟ್ರಿ ಐತಿ, ಅದಿಲ್ಲದ ಹಿಂತಾ ಗಾಡಿ ತಗೋಳಾಕ ಹೋಗಬ್ಯಾಡ್ರಿ. ನನಗ ಮೊದಲ ಇದ್ದ ಮಾಲಕರು ಶಾಫ್ಟ್ ಕೆಲಸ ಎಲ್ಲೋ ಬ್ಯಾರೆ ಕಡೆ ಮಾಡಿಸಿದ್ರು, ಆ ಗ್ಯಾರೇಜಿನವರು ಹೊಸಾ ಗೇರ್‌ಬಾಕ್ಸ್ ಕೂತ ಮ್ಯಾಲೆ ಗಾಡಿನ ಜಾಕ್ ಮ್ಯಾಲೆ ಎತ್ತಿ, ಗಾಲಿ ಜೋತಾಡೋವಾಗ ಅಳತಿ ತಗೊಂಡು ಶಾಫ್ಟ್ ಕಡದು ಬೆಸಿಗಿ ಹಾಕಿದ್ರಂತ. ಪರಿಣಾಮ ಏನಂದ್ರ ಅರವತ್ತರ ಮ್ಯಾಲೆ ಹೋದ್ರ ಸೀಟಿನ ತಳಗ ಗುರ್ರ್ ಅಂತ ನಡಗೋದು, ಎಪ್ಪತ್ತಕ್ಕ ಕನ್ನಡಿ ಒಳಗ ಹಿಂದಿನ ಗಾಡಿ ಎರಡೆರಡಾಗಿ ಕಾಣೋದು, ಮ್ಯಾಲೆ ಎಂಜಿನ್ನು ಬ್ಯಾರೆ ಒದರೋದು, ಯಾಕಂದ್ರ ಹೌಸಿಂಗ್ ಒಳಗ ಪೆಟ್ರೋಲ್ ಕಾಲದ 5.38 ರ ಕ್ರೌನ ಇನ್ನೂ ಇತ್ತು, ಅಂದ್ರ ಪಿನಿಯನ್ನಿಗೆ 8 ಹಲ್ಲು ಕ್ರೌನಿಗೆ 43 ಹಲ್ಲು, ಶಾಫ್ಟ್ 5.38 ಸುತ್ತು ತಿರಗಿದ್ರ ಗಾಲಿ ಒಂದ ಸುತ್ತು (ರೇಶಿಯೋ ಅಂದ್ರ ಇದ), ಹೊಲ ಹರಗೋ ಲೆಕ್ಕದ ಗೇರು ಅದು, ರೋಡಿಂದಲ್ಲ.

ನಡಗೋದಕ್ಕ ಟೈರ್ ಬ್ಯಾಲೆನ್ಸ್ ಮಾಡಸು, ಎಂಜಿನ್ ಫೌಂಡೇಶನ್ ಬದಲಿ ಮಾಡು ಅಂತ ಒಬ್ಬೊಬ್ಬರು ಒಂದೊಂದ ಹೇಳತಿದ್ರು. ಚಾಚಾ ಏನೂ ಬಿಚ್ಚಲಿಲ್ಲ. ತಾವ ಬಾಜೂಕ ಕುಂತ್ರು, ಬೈಪಾಸ್ ಕಡೆ ಖಾಲಿ ರೋಡಿಗೆ ಹೋಗೂಣು ಅಂದ್ರು, ಎಪ್ಪತ್ತಕ್ಕ ಹೋದ ಮ್ಯಾಲೆ ನ್ಯೂಟ್ರಲ್ ಮಾಡಿ ಕಾಲು ತಗಿ ಅಂದ್ರು. ಎಂಜಿನ್ ಐಡ್ಲಿಗೆ ಇಳೀತು, ನಡಗೋದು ಮಾತ್ರ ಹಂಗ ಇತ್ತು. "ಎಂಜಿನ್ ಅಲ್ಲ ತಮ್ಮಾ ಇದು, ಹಿಂದಿಂದು. ಗಾಲಿದಾದ್ರ ಇಷ್ಟ ಸಣ್ಣ ಸಣ್ಣ ನಡಗೂದಿಲ್ಲ, ಸ್ಟೇರಿಂಗ್ ಕುಣಿಸ್ತೈತಿ, ಶಾಫ್ಟ್ ಗಾಲಿಕಿಂತ ಐದು ಪಟ್ಟು ಜಾಸ್ತಿ ತಿರಗತೈತಿ, ಅದಕ್ಕ ಹಿಂಗ ಗುರ್ರ್ ಅಂತೈತಿ" ಅಂದ್ರು. ಇಷ್ಟ ಸಾದಾ ಮಾತು ಹಿಂದ ಯಾರೂ ನನಗ ಹೇಳಿರಲಿಲ್ಲ. ಅಲ್ಲಿಂದ ನಾನು ಅವ್ರ ಮಾತು ಕೇಳೋದ ಅಂತ ಗಟ್ಟಿ ಮಾಡಿದೆ.

ಅಂಗಡಿಗೆ ವಾಪಸ್ ಬಂದ ಮ್ಯಾಲೆ ಗಾಡಿನ ಸಪಾಟ ನೆಲದ ಮ್ಯಾಲೆ ನಿಂದ್ರಸಿ, ಜಾಕ್ ಗೀಕ್ ಏನೂ ಇಲ್ಲದ, ನಾಲ್ಕೂ ಗಾಲಿ ಮ್ಯಾಲೆ ಪೂರಾ ಭಾರ ಬಿಟ್ಟು, ಗುಂಡಿ ಒಳಗ ಇಳದು ಆಂಗಲ್ ಅಳದ್ರು. ಈ ಅಂಗಡಿ ಯಾಕ ಚಲೋ ಅಂತ ಯಾರರ ಕೇಳಿದ್ರ ನಾನು ಇದೊಂದ ಹೇಳತೀನಿ. ಗೇರ್‌ಬಾಕ್ಸ್ ಹಿಂದಕ್ಕ 4 ಡಿಗ್ರಿ ಇಳಿಜಾರು, ಶಾಫ್ಟ್ 7 ಡಿಗ್ರಿ ಇಳಿಜಾರು, ಹೌಸಿಂಗಿನ ಪಿನಿಯನ್ ಮೂಗು ಮ್ಯಾಲಕ್ಕ ಬರೇ 1 ಡಿಗ್ರಿ. ಅಂದ್ರ ಶಾಫ್ಟಿನ ಮುಂದಿನ ಕ್ರಾಸ್ (ವಾರಿ ಇದ್ರೂ ತಿರಗೋ ಕೀಲು) 3 ಡಿಗ್ರಿ ಮ್ಯಾಲೆ ಕೆಲಸ ಮಾಡ್ತೈತಿ, ಹಿಂದಿನ ಕ್ರಾಸ್ 6 ಡಿಗ್ರಿ ಮ್ಯಾಲೆ. ಎರಡೂ ಕೂಡಂಗಿಲ್ಲ. ಯಾರೋ ಹಿಂದಿನ ಪಾಟಾಕ್ಕ (ಸ್ಪ್ರಿಂಗ್ ಪಟ್ಟಿಗೆ) ಒಂದೆರಡು ಎಲಿ ಜಾಸ್ತಿ ಹಾಕಿ ಗಾಡಿ ಎತ್ತರ ಮಾಡಿದ್ರು, ಪಿನಿಯನ್ ಯಾ ಕಡೆ ನೋಡ್ತೈತಿ ಅಂತ ಮಾತ್ರ ನೋಡಿರಲಿಲ್ಲ.

ಇದು ಯಾಕ ಮುಖ್ಯ ಅಂದ್ರ, ಈ ಕ್ರಾಸ್ ವಾರಿ ಇದ್ದಾಗ ಆ ಕಡೆ ಹೋಗೋ ತಿರುಗು ಒಂದ ಸಮ ಇರೂದಿಲ್ಲ, ಒಂದ ಸುತ್ತಿನ್ಯಾಗ ಎರಡ ಸಲ ಜೋರ ಆಗ್ತೈತಿ ಎರಡ ಸಲ ನಿಧಾನ ಆಗ್ತೈತಿ, ಆಂಗಲ್ ಜಾಸ್ತಿ ಆದಷ್ಟೂ ಈ ಏರಿಳಿತ ಜಾಸ್ತಿ. ಹಿಂದಿನ ಕ್ರಾಸ್ ಅಷ್ಟ ಆಂಗಲ್ ಒಳಗ ಇದ್ರ, ಎರಡೂ ಕಡೆ ಯೋಕ್ (ಕ್ರಾಸ್ ಹಿಡಿಯೋ ಕವಲು) ಒಂದ ನೇರಕ್ಕ ಕೂತಿದ್ರ, ಮುಂದಿನದರ ಏರಿಳಿತ ಹಿಂದಿಂದು ಕಡದು ಹಾಕ್ತೈತಿ, ಪಿನಿಯನ್ ಸಮಾ ತಿರಗತೈತಿ. ಎರಡರ ನಡುವ ಒಂದ ಡಿಗ್ರಿಕಿಂತ ಜಾಸ್ತಿ ಫರಕ ಇರಬಾರದು ಅಂತ ಲೆಕ್ಕ, ನಂದ್ರಾಗ ಮೂರು ಇತ್ತು. ಹಂಗಂತ ಶಾಫ್ಟ್ ಗೆರಿ ಹೊಡದಂಗ ನೆಟ್ಟಗ ಇರಬೇಕು ಅಂತ ತಿಳಕೊಂಡವರೂ ಅದಾರ, ಅದೂ ತಪ್ಪು. ಪೂರಾ ಸೊನ್ನಿ ಡಿಗ್ರಿ ಇದ್ರ ಕ್ರಾಸ್ ಒಳಗಿನ ಸೂಜಿ ಬೇರಿಂಗ್ ಉಳ್ಳೂದ ಇಲ್ಲ, ಕುಂತ ಜಾಗಾದಾಗ ಕುಂತು ಕಪ್ಪಿನ್ಯಾಗ ಗೀರು ಬೀಳತಾವು. ಅರ್ಧದಿಂದ ಒಂದ ಡಿಗ್ರಿ ಇರಾಕ ಬೇಕ, ಮೂರರ ಒಳಗ ಇದ್ರ ಭೇಷ್.

ಚಾಚಾ ಪಾಟಾ ಮತ್ತ ಹೌಸಿಂಗ್ ನಡುವ ಕೂಡಸಾಕ 2 ಡಿಗ್ರಿ ವೆಜ್ ಪ್ಲೇಟ್ (ಓರೆ ಪಟ್ಟಿ) ಕಬ್ಬಣದಾಗ ಮಾಡಿಸಿದ್ರು. ಮೂರ ಡಿಗ್ರಿ ಫರಕ ಐತಿ, ವೆಜ್ ಎರಡೇ ಯಾಕ್ರಿ ಅಂತ ಕೇಳಿದೆ. ಪಾಟಾ ಮ್ಯಾಲೆ ಕೂತ ಹೌಸಿಂಗು ರೇಸ್ ಕೊಟ್ಟಾಗ ತಾನ ಹೊಳ್ಳಿ ಪಿನಿಯನ್ ಮೂಗು ಮ್ಯಾಲಕ್ಕ ಎತ್ತತೈತಿ, ಆ ಒಂದ ಡಿಗ್ರಿ ಅದಕ್ಕ ಬಿಡಬೇಕು ಅಂದ್ರು. ಅಲ್ಯುಮಿನಿಯಂ ವೆಜ್ ರೆಡಿ ಸಿಗ್ತಾವು, ನಮ್ಮ ರೋಡಿಗೆ ಅವು ಸೀಳತಾವು, ಬ್ಯಾಡ ಅಂದ್ರು. ಯೂ ಬೋಲ್ಟ್ ಹೊಸಾವು ಹಾಕಿದ್ರು, ಸ್ವಲ್ಪ ಓಡಿಸಿದ ಮ್ಯಾಲೆ ಬಂದು ಮತ್ತ ಬಿಗಿಸಿಕೊಂಡು ಹೋಗು ಅಂತ ಹೇಳಿದ್ರು, ಹೋಗಿ ಬಿಗಿಸಿಕೊಂಡ ಬಂದೀನಿ.

ಉದ್ದದ ಅಳತಿನೂ ಹಂಗ, ಗಾಡಿ ನೆಲದ ಮ್ಯಾಲೆ ತನ್ನ ಭಾರದ ಮ್ಯಾಲೆ ನಿಂತಾಗ ತಗೊಂಡ್ರು, ಕ್ರಾಸ್ ನಡುವಿಂದ ಕ್ರಾಸ್ ನಡುಮಟ. ಗಾಲಿ ಜೋತಾಡೋವಾಗ ತಗೊಂಡ ಅಳತಿಗೂ ನಿಂತಾಗ ತಗೊಂಡ ಅಳತಿಗೂ ಫರಕ ಬರ್ತೈತಿ. ಹಳೆ ಶಾಫ್ಟ್ ಬಿಚ್ಚಿ ನೋಡಿದ್ರ ಸ್ಲಿಪ್ ಯೋಕಿನ (ಉದ್ದ ಹೆಚ್ಚು ಕಡಿಮಿ ಆಗಾಕ ಒಳಗ ಹೊರಗ ಸರಿಯೋ ತುದಿ) ಹಲ್ಲಿನ್ಯಾಗ ಒಳಗ ಹೋಗಾಕ ಜಾಗಾನ ಉಳದಿರಲಿಲ್ಲ, ತಗ್ಗಿನ್ಯಾಗ ಬಿದ್ದಾಗೊಮ್ಮೆ ಶಾಫ್ಟ್ ಗೇರ್‌ಬಾಕ್ಸಿಗೆ ಗುದ್ದತಿತ್ತು, ಹಿಂದಿನ ಸೀಲ್ ಪದೇ ಪದೇ ಸೋರೂದಕ್ಕ ಕಾರಣ ಅದ. ಈಗ ಪೂರಾ ಒಳಗ ಕೂಡೂಕಿಂತ ಮೊದಲ 25 ಮಿಲಿಮೀಟರ್ ಜಾಗಾ ಬಿಟ್ಟಾರ.

ಟ್ಯೂಬ್ ಹೊಸಾದು ಹಾಕಿದ್ರು, ಹಳೆದ್ರಾಗ ಬೆಸಿಗಿ ಮ್ಯಾಲೆ ಬೆಸಿಗಿ ಬಿದ್ದಿತ್ತು. ಲೇತ್ ಮ್ಯಾಲೆ ಏರಿಸಿ ಮೊದಲ ನಾಲ್ಕ ಕಡೆ ಚುಕ್ಕಿ ಬೆಸಿಗಿ ಹಾಕಿ, ಡಯಲ್ ಗೇಜ್ ಹಚ್ಚಿ ತಿರಿವಿ, ಮುಳ್ಳು ಎಲ್ಲಿ ಎಷ್ಟ ಜಿಗೀತೈತಿ ನೋಡಿ, ಸಣ್ಣ ಹಿತ್ತಾಳಿ ಸುತಗಿಲೆ ತಟ್ಟಿ ಸರಿ ಮಾಡಿ, ಆಮ್ಯಾಲೆ ಪೂರಾ ಬೆಸಿಗಿ. ಅದಾದ ಮ್ಯಾಲೆ ಬ್ಯಾಲೆನ್ಸ್ ಮಶೀನು, ತೂಕದ ಪಟ್ಟಿ ಹಚ್ಚೂದು. ಕಡಿಗೆ ಟ್ಯೂಬ್ ಮ್ಯಾಲೆ ಒಂದು, ಸ್ಲಿಪ್ ಯೋಕ್ ಮ್ಯಾಲೆ ಒಂದು, ಎದರಾಬದರ ಬಾಣದ ಗುರುತು ಉಳಿ ಹಿಡದು ಹೊಡದ್ರು. ಮುಂದ ಯಾರರ ಗ್ರೀಸ್ ಹಾಕಾಕ ಬಿಚ್ಚಿದ್ರ ಆ ಬಾಣ ಎರಡೂ ಕೂಡಬೇಕು, ಹಲ್ಲು ತಪ್ಪಿ ಕೂಡಿಸಿದ್ರ ಯೋಕ್ ನೇರ ತಪ್ಪತೈತಿ, ಬ್ಯಾಲೆನ್ಸೂ ಹೋಗ್ತೈತಿ, ಇಷ್ಟೆಲ್ಲಾ ಮಾಡಿದ್ದು ನೀರಾಗ ಹೋಮ. ನಿಮ್ಮ ಗಾಡಿ ಶಾಫ್ಟ್ ಮ್ಯಾಲೆ ಈ ಗುರುತು ಇಲ್ಲಂದ್ರ ಬಿಚ್ಚೂಕಿಂತ ಮೊದಲ ನೀವ ಪೇಂಟ್ ಹಚ್ಚಿ ಇಟ್ಟಕೋರಿ.

ಇನ್ನ ಕ್ರೌನ್ ಪಿನಿಯನ್ ವಿಷಯ. ನಾನು ಹೋಗಿದ್ದು 3.73 ಹಾಕಿಸಬೇಕು ಅಂತ, 11 ಕ್ಕ 41 ಹಲ್ಲಿಂದು, ಹೈವೇದಾಗ ಎಂಜಿನ್ ತಣ್ಣಗ ಓಡಲಿ ಅಂತ. ಚಾಚಾ ಟೈರ್ ಸೈಜ್ ಕೇಳಿದ್ರು. 235/75 ಆರ್ 15. ಒಂದ ಸುತ್ತಿಗೆ ಸುಮಾರು 2.3 ಮೀಟರ್ ಹೋಗ್ತೈತಿ, ಟಾಪ್ ಗೇರ್ ನೇರ ಒಂದಕ್ಕ ಒಂದು, ಅಂದ್ರ ಎಂಬತ್ತರ ಸ್ಪೀಡಿಗೆ 5.38 ಒಳಗ ಎಂಜಿನ್ 3100 ಸುತ್ತು, 4.27 ಒಳಗ 2470, 3.73 ಒಳಗ 2160. ಹಳೆ ಡಿಐ ಎಂಜಿನ್ನಿಗೆ 3100 ಅಂದ್ರ ಜೀವ ಹೋಗ್ತೈತಿ ಅದು ಖರೆ. ಆದ್ರ 3.73 ಹಾಕಿದ್ರ ಗಾಲಿಗೆ ಬರೋ ಎಳತ ಮೊದಲಿನಕಿಂತ ಮೂವತ್ತೊಂದು ಪರ್ಸೆಂಟ್ ಕಡಿಮಿ, ಫಸ್ಟ್ ಗೇರಿನ್ಯಾಗೂ ಅಷ್ಟ ಕಡಿಮಿ. "ಮಳಿಗಾಲದಾಗ ಎರಿ ಹೊಲಕ್ಕ ಮಂದಿ ತುಂಬಕೊಂಡ ಹೋಗವ ನೀನು, ಕಪ್ಪತಗುಡ್ಡ ಏರವ ನೀನು, ಕ್ಲಚ್ ಸುಟ್ಟಕೊಂಡ ಬರ್ತೀ" ಅಂದ್ರು. ಕುಂದಗೋಳ, ಅಣ್ಣಿಗೇರಿ ಕಡೆ ಎರಿ ಮಣ್ಣು ಮಳಿ ಬಿದ್ದ ಮ್ಯಾಲೆ ಹೆಂಗ ಗಾಲಿ ಹಿಡೀತೈತಿ ಗೊತ್ತಿದ್ದವರಿಗೆ ಈ ಮಾತು ಬಿಡಿಸಿ ಹೇಳೋದ ಬ್ಯಾಡ.

ಇನ್ನೊಂದ ಕಾರಣನೂ ಇತ್ತು. ನನ್ನದು ಡಾನಾ 44 ಜಾತಿ ಹೌಸಿಂಗು. ಅದರಾಗ 3.73 ಮತ್ತ ಅದರ ಕೆಳಗಿನ ರೇಶಿಯೋಕ್ಕ ಒಂದ ನಮೂನಿ ಕ್ಯಾರಿಯರ್ (ಕ್ರೌನ್ ಹಿಡಿಯೋ ಭಾಗ), 3.92 ರಿಂದ ಮ್ಯಾಲಿನ ರೇಶಿಯೋಕ್ಕ ಇನ್ನೊಂದ ನಮೂನಿ. ಪಿನಿಯನ್ ತಲಿ ದಪ್ಪ ಆದಂಗ ಕ್ರೌನ್ ಕೂಡೋ ಜಾಗಾ ಸರೀತೈತಿ, ಅದಕ್ಕ. 5.38 ಇದ್ದ ಗಾಡಿಗೆ 4.27 ಹಾಕಿದ್ರ ಕ್ಯಾರಿಯರ್ ಅದ ನಡೀತೈತಿ, 3.73 ಹಾಕಿದ್ರ ಅದೂ ಬ್ಯಾರೆ ಹುಡುಕಬೇಕು. ಕಡಿಗೆ 11 ಕ್ಕ 47 ಹಲ್ಲಿನ 4.27 ಸೆಟ್ ತಂದ್ವಿ. ಈಗ ಓಡಿಸಿದ ಮ್ಯಾಲೆ ಹೇಳತೀನಿ, ನಮ್ಮ ಕಡೆ ಹೊಲಾನೂ ರೋಡೂ ಎರಡೂ ಮಾಡೋ ಜೀಪಿಗೆ ಇದ ಸರಿ. ಮ್ಯಾಲಾಗಿ ಶಾಫ್ಟಿಗೂ ಲಾಭ ಐತಿ, ಅದ ಸ್ಪೀಡಿಗೆ ಶಾಫ್ಟ್ ನಿಮಿಷಕ್ಕ ಆರನೂರು ಸುತ್ತು ಕಡಿಮಿ ತಿರಗತೈತಿ. ಶಾಫ್ಟೂ ಕ್ರೌನೂ ಒಂದ ಅಂಗಡ್ಯಾಗ ಕೂಡೇ ಲೆಕ್ಕಾ ಹಾಕಿ ಮಾಡಿಸಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕ.

ಅಮೇರಿಕಾದ ಹಾಟ್ ರಾಡ್ ಮಂದಿಗೆ, ಅಂದ್ರ 1932 ರ ಫೋರ್ಡಿನಂತಾ ಹಳೆ ಬಾಡಿ ಇಟ್ಟಕೊಂಡು ತಳಗ ಎಲ್ಲಾ ಬದಲಿ ಮಾಡೋರಿಗೆ, ಈ ಕ್ರೌನ್ ಕೂಡಸೋ ತ್ರಾಸ ಸ್ವಲ್ಪ ಕಡಿಮಿ. 1957 ರಾಗ ಬಂದ ಫೋರ್ಡ್ ನೈನ್ ಇಂಚ್ ಹೌಸಿಂಗು ಅವರಿಗೆ ಭಾಳ ಪ್ರೀತಿ, ಯಾಕಂದ್ರ ನಮ್ಮ ಲಾರಿಗಳ ಹೌಸಿಂಗಿನಂಗ ಮುಂದಿಂದ ಬೋಲ್ಟ್ ಬಿಚ್ಚಿ ಕ್ರೌನ್ ಪಿನಿಯನ್ ಇರೋ ಇಡೀ ಗುಡ್ಡಿ ಹೊರಗ ತಗದು ಟೇಬಲ್ ಮ್ಯಾಲೆ ಇಟ್ಟು ಸೆಟ್ಟಿಂಗ್ ಮಾಡಬಹುದು, ಎರಡ ರೇಶಿಯೋದ ಎರಡ ಗುಡ್ಡಿ ಇಟ್ಟಕೊಂಡು ಬೇಕಾದಾಗ ಬದಲಿ ಮಾಡೋರೂ ಅದಾರ. ಡಾನಾ 44 ಒಳಗ ಹಂಗ ಬರೂದಿಲ್ಲ, ಹಿಂದಿನ ಮುಚ್ಚಳ ತಗದು ಗಾಡಿಗೆ ಇದ್ದಂಗ ಹೌಸಿಂಗ್ ಒಳಗ ಕೂಡಸಬೇಕು, ಒಂದ ಶಿಮ್ (ತೆಳು ವಾಶರ್) ಬದಲಿ ಮಾಡಬೇಕಂದ್ರ ಮತ್ತ ಎಲ್ಲಾ ಬಿಚ್ಚಬೇಕು. ಮಜೂರಿ ಜಾಸ್ತಿ ಯಾಕಂತ ಕೇಳೋರಿಗೆ ಉತ್ತರ ಇದ.

ಸೆಟ್ಟಿಂಗ್ ದಿನ ನಾನು ಪೂರಾ ಹೊತ್ತು ಅಲ್ಲೇ ಕುಂತಿದ್ದೆ. ಕ್ರೌನೂ ಪಿನಿಯನ್ನೂ ಒಂದ ಸೆಟ್ ಅಂತ ಎರಡರ ಮ್ಯಾಲೂ ಒಂದ ನಂಬರ್ ಕೆತ್ತಿರ್ತೈತಿ, ಮೊದಲ ಅದನ್ನ ಕೂಡಿಸಿ ನೋಡಿದ್ರು. ಆಮ್ಯಾಲೆ ಪಿನಿಯನ್ ತಲಿ ಮ್ಯಾಲೆ ಕೆತ್ತಿದ ಇನ್ನೊಂದ ಅಂಕಿ. ಹಳೆದರ ಮ್ಯಾಲೆ ಸೊನ್ನಿ ಇತ್ತು, ಹೊಸದರ ಮ್ಯಾಲೆ ಮೈನಸ್ 2. ಅಂದ್ರ ಹಳೆದಕ್ಕಿಂತ ಎರಡ ಥೌ (ಒಂದ ಥೌ ಅಂದ್ರ ಇಂಚಿನ ಸಾವಿರದಾಗ ಒಂದ ಪಾಲು) ಶಿಮ್ ಜಾಸ್ತಿ ಬೇಕು, ಪ್ಲಸ್ ಇದ್ದಿದ್ರ ಕಡಿಮಿ. ಅಷ್ಟ ಸೇರಿಸಿ ಹೊಸಾ ಬೇರಿಂಗ್ ಹಾಕಿ ಕೂಡಿಸಿ, ಕ್ರೌನಿನ ನಾಲ್ಕೈದು ಹಲ್ಲಿಗೆ, ಹಲ್ಲು ಎಲ್ಲಿ ತಾಗತೈತಿ ನೋಡಾಕ, ನೀಲಿ ಬಣ್ಣ ತೆಳ್ಳಗ ಹಚ್ಚಿದ್ರು. ಅವ್ರ ಹುಡುಗ ಕ್ರೌನಿಗೆ ಕಟಗಿ ಒತ್ತಿ ಹಿಡದು ಭಾರ ಕೊಟ್ಟ, ಚಾಚಾ ಫ್ಲ್ಯಾಂಜ್ ಹಿಡದು ಆ ಕಡೆ ಈ ಕಡೆ ತಿರಿವಿದ್ರು. ಆ ಭಾರ ಕೊಡದಿದ್ರ ನೀಲಿ ಸುಳ್ಳ ಹೇಳತೈತಿ. ಬ್ಯಾಟರಿ ಹಿಡದು ನೋಡಿದ್ರ ಗುರುತು ಹಲ್ಲಿನ ಬುಡಕ್ಕ ಇಳದಿತ್ತು, ತುದಿ ಕಡೆ ನೀಲಿ ಹಚ್ಚಿದ್ದು ಹಚ್ಚಿದಂಗ ಇತ್ತು. ಪಿನಿಯನ್ ಒಳಗ ಜಾಸ್ತಿ ಹೋಗೇತಿ ಅಂದ್ರು, ಮತ್ತ ಬಿಚ್ಚಿದ್ರು, ನಾಲ್ಕ ಥೌ ತಗದ್ರು. ಕೆತ್ತಿದ ಅಂಕಿ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಾಕ ಅಷ್ಟ, ಹೊಸಾ ಬೇರಿಂಗ್ ದಪ್ಪದಾಗೂ ಫರಕ ಇರ್ತೈತಿ, ಕಡೀ ಮಾತು ನೀಲಿದ. ಮುಂದಿನ ಸಲ ಹಲ್ಲಿನ ನಡುವ, ಒಳಗಿನ ತುದಿ ಕಡೆ ಒಂದೀಟ ವಾಲಿ, ಬದಾಮಿ ಬೀಜದ ಆಕಾರದ ಗುರುತು ಬಂತು, ಹಿಂದ ತಿರಗೋ ಮುಖದಾಗೂ ಹಂಗ. ಅದನ್ನ ನೋಡಿ ಚಾಚಾ ಚಹಾ ತರಸಿದ್ರು.

ಹಲ್ಲಿನ ಪ್ಲೇ (ಹಲ್ಲು ಹಲ್ಲಿನ ನಡುವಿನ ಸಡಿಲು) ಡಯಲ್ ಗೇಜಿನ್ಯಾಗ 0.18 ಮಿಲಿಮೀಟರ್ ಇಟ್ಟಾರ, ಒಂದ ಕಡೆ ಅಳದು ಬಿಡಲಿಲ್ಲ, ಕ್ರೌನ್ ಸುತ್ತ ನಾಲ್ಕ ಕಡೆ ನೋಡಿದ್ರು. ಪಿನಿಯನ್ ಬೇರಿಂಗ್ ಬಿಗಿ ನೋಡಾಕ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ಕಾಟಾಲೆ ಜಗ್ಗಿ ನೋಡ್ತಾರ. ಕೈಲೆ ತಿರಿವಿ "ಹಾಂ ಆತು" ಅನ್ನೋರನ್ನ ನೋಡಿದ ನನಗ ಆ ಕಾಟಾ ನೋಡಿ ಜೀವ ತಣ್ಣಗ ಆತು. ಹೌಸಿಂಗ್ ಮ್ಯಾಲಿನ ಬ್ರೀದರ್ (ಗಾಳಿ ತೂತು) ಮಣ್ಣು ತುಂಬಿ ಬಂದ್ ಆಗಿತ್ತು, ಅದನ್ನೂ ತಗದು ತೊಳದ್ರು. ಅದು ಬಂದ್ ಇದ್ರ ಒಳಗಿನ ಗಾಳಿ ಕಾದು ಸೀಲಿನಿಂದ ಆಯಿಲ್ ಹೊರಗ ಹಾಕ್ತೈತಿ, ಮಂದಿ ಸೀಲ್ ಬದಲಿ ಮಾಡಿ ಮಾಡಿ ಸಾಕಾಗತಾರ.

ಹೊಸಾ ಕ್ರೌನಿಗೆ ಮೊದಲ ಸಲ ಇಪ್ಪತ್ತೈದು ಕಿಲೋಮೀಟರ್ ಹಗರಕ ಓಡಿಸಿ ನಿಂದ್ರಸಿ ಪೂರಾ ಆರಾಕ ಬಿಡಬೇಕು, ಮೊದಲಿನ ಎಂಟನೂರು ಕಿಲೋಮೀಟರ್ ಭಾರ ಹೇರಬಾರದು, ಆಮ್ಯಾಲೆ ಆಯಿಲ್ ಬದಲಿ. ಆಯಿಲ್ ಜಿಎಲ್-5 ಗ್ರೇಡಿಂದು 80ಡಬ್ಲ್ಯೂ-90. ಮೊದಲಿನ ಆಯಿಲ್ ತಗದಾಗ ಸಣ್ಣ ಬೂದಿಯಂತಾ ಕಬ್ಬಣ ಬಂತು, ಅದು ಸಹಜ, ಚೂರು ಬಂದ್ರ ಮಾತ್ರ ಕಾಳಜಿ ಮಾಡಬೇಕು.

ಈಗ ಗದಗ ರೋಡ್ ಹಿಡದು ಅಣ್ಣಿಗೇರಿ ದಾಟೂತನಕ ಎಂಬತ್ತರಾಗ ಹೋಗ್ತೀನಿ, ಕನ್ನಡಿ ನಿಂತೈತಿ, ಬಾಜೂಕ ಕುಂತವರ ಜೋಡಿ ಒದರಲಾರದ ಮಾತಾಡಬಹುದು. ರೇಸ್ ಕೊಟ್ಟಾಗ ಸಪ್ಪಳ ಇಲ್ಲ, ಬಿಟ್ಟಾಗ ಅರವತ್ತರ ಸುತ್ತ ಸಣ್ಣಗ ಸೂಂಯ್ ಅಂತೈತಿ, ಕಿವಿ ಕೊಟ್ಟ ಕೇಳಿದ್ರ ಅಷ್ಟ. ಮಂದಿ ತುಂಬಿ ಕಪ್ಪತಗುಡ್ಡ ಏರಿ ಬಂದೀನಿ, ಮೊದಲಿನಕಿಂತ ಸೆಕೆಂಡ್ ಗೇರ್ ಲಗೂ ಹಾಕಬೇಕಾಗ್ತೈತಿ, ಕ್ಲಚ್ ವಾಸನಿ ಏನೂ ಬಂದಿಲ್ಲ.

ಕೊರತಿನೂ ಅದಾವು, ಹೇಳಾಕ ಬೇಕು. ಟೈಮ್ ಅಂತೂ ಮಾತಿಗೆ ಸಿಗೂದಿಲ್ಲ, ಈ ವಾರ ಅಂದದ್ದು ಮುಂದಿನ ವಾರಕ್ಕ ಹೋತು, ಲಾರಿ ಕೆಲಸ ಬಂದ್ರ ನಮ್ಮ ಜೀಪು ಬಾಜೂಕ ಸರೀತೈತಿ, ಫೋನ್ ಮಾಡಿ ತಿಳಸೋ ಪದ್ಧತಿ ಇಲ್ಲ. ಬಿಲ್ ಕೇಳಿದ್ರ ಕೊಡ್ತಾರ, ಕೇಳಲಿಲ್ಲಂದ್ರ ಚೀಟಿ ಮ್ಯಾಲೆ ಒಟ್ಟ ಲೆಕ್ಕ. ನನಗ ಸೆಟ್, ಬೇರಿಂಗ್, ಟ್ಯೂಬ್, ಎರಡೂ ಕ್ರಾಸ್, ಮಜೂರಿ ಎಲ್ಲಾ ಸೇರಿ 30 ಸಾವಿರದ ಆಸುಪಾಸು ಆತು. ಮೊದಲ ಹೇಳಿದ್ದಕ್ಕಿಂತ ಜಾಸ್ತಿ, ಬೇರಿಂಗ್ ಹಳೇವ ನಡಸೂಣಂದಿದ್ದು ಬಿಚ್ಚಿ ನೋಡಿದ ಮ್ಯಾಲೆ ಆಗಲಿಲ್ಲ. ಆದ್ರ ತಗದ ಹಳೆ ಸಾಮಾನು ಎಲ್ಲಾ ಚೀಲದಾಗ ಹಾಕಿ ಕೈಯಾಗ ಕೊಟ್ರು, ಬೇರಿಂಗ್ ಕಪ್ಪಿನ ಗೀರು ನಾನ ಉಗುರು ಹಾಕಿ ನೋಡೀನಿ. ರೊಕ್ಕ ಹೋಗಿದ್ದಕ್ಕ ಬ್ಯಾಸರಿಲ್ಲ.

ಫೋರ್ ವೀಲ್ ಗಾಡಿ ಇದ್ದವರು ಒಂದ ನೆನಪ ಇಟ್ಟಕೋರಿ, ಹಿಂದಿನ ಕ್ರೌನ್ ಬದಲಿ ಮಾಡಿದ್ರ ಮುಂದಿಂದೂ ಅದ ರೇಶಿಯೋಕ್ಕ ಮಾಡಸಬೇಕು, ಇಲ್ಲಂದ್ರ ಫೋರ್ ವೀಲ್ ಹಾಕಿದ ಕೂಡ್ಲೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಮುಂದ ಹಿಂದ ತಿರುಗು ಹಂಚೋ ಡಬ್ಬಿ) ಮುರೀತಾವು. ಚಾಚಾ ಒಂದ ಕಡೆ ಅಷ್ಟ ಮಾಡಿ ಕೊಡ್ರಿ ಅಂದ್ರ ಕೆಲಸಾನ ಹಿಡಿಯೂದಿಲ್ಲ. ಇನ್ನ ಮೀಟರ್ ಕಾಟಾ: ಕೇಬಲ್ ಗೇರ್‌ಬಾಕ್ಸಿನ ಹಿಂದಿನಿಂದ ಬರ್ತೈತಿ, ಶಾಫ್ಟ್ ಕಡಿಮಿ ತಿರಗಿದ್ರ ಕಾಟಾನೂ ಕಡಿಮಿ ತೋರಸ್ತೈತಿ, 5.38 ರಿಂದ 4.27 ಕ್ಕ ಬಂದ್ರ ಖರೆ ಸ್ಪೀಡ್ ಎಂಬತ್ತು ಇದ್ದಾಗ ಮೀಟರ್ ಒಳಗ ಅರವತ್ತಮೂರು, ಅರವತ್ತನಾಲ್ಕು. ಕಿಲೋಮೀಟರ್ ಲೆಕ್ಕನೂ ಅಷ್ಟ ಕಡಿಮಿ ಓಡ್ತೈತಿ, ಆಯಿಲ್ ಬದಲಿ ಮಾಡೋವಾಗ ಅದನ್ನ ಹಿಡದು ಎಣಿಸಬೇಕು. ಸ್ಪೀಡೋ ಪಿನಿಯನ್ ಬ್ಯಾರೆ ಹಲ್ಲಿಂದು ಹುಡಕಾಕ ಹೇಳೀನಿ, ಇನ್ನೂ ಸಿಕ್ಕಿಲ್ಲ. ಅಲ್ಲೀತನಕ ಗ್ಲಾಸಿನ ಮ್ಯಾಲೆ ಅರವತ್ತನಾಲ್ಕರ ಹಂತ್ಯಾಕ ಕೆಂಪ ಟೇಪ್ ಹಚ್ಚೀನಿ.